ಬಾಣಾವರದಿಂದ ಬಸ್ತಿಹಳ್ಳಿಗೆ, ಹೊತ್ತು ಮುಳುಗುವ ಮುಂಚೆ

ಹಿಂದಿನ ಚಕ್ರ ಕೂತಿತು. ಅದೂ ಎಲ್ಲಿ? ಜಾವಗಲ್ ದಾಟಿದ ಮೇಲೆ, ಹಳೇಬೀಡಿಗೆ ಇನ್ನೂ ಹತ್ತು ಮೈಲಿ ಇರುವಾಗ.

ನಾಗಕುಮಾರ ಸೈಕಲ್ಲನ್ನು ಹುಣಸೆಮರದ ಕೆಳಗೆ ಮಲಗಿಸಿ ಪಡುವಣಕ್ಕೆ ನೋಡಿದ. ಹೆಚ್ಚೆಂದರೆ ಎರಡು ಗಂಟೆ ಬೆಳಕು. ಅಷ್ಟರೊಳಗೆ ಬಸ್ತಿಹಳ್ಳಿ ಸೇರದಿದ್ದರೆ ಅಮ್ಮ ಇನ್ನೊಂದು ದಿನ ಉಪವಾಸ. ಜೈನರ ಮನೆ, ಹೊತ್ತು ಮುಳುಗಿದ ಮೇಲೆ ಅಲ್ಲಿ ಯಾರೂ ತುತ್ತು ಮುಟ್ಟುವುದಿಲ್ಲ.

ಜೇಬಿನಲ್ಲಿ ಅಕ್ಕ ಪದ್ಮಲತಾಳ ಕಾರ್ಡು. ಹಿಂದಿರುಗುವಾಗ ಹಾದುಬರುವೆನೆಂದು ಅವನು ಬರೆದಿದ್ದ ದಾವಣಗೆರೆಯ ಅಂಚೆ ಕಚೇರಿಯಲ್ಲಿ ನಾಲ್ಕು ದಿನದಿಂದ ಬಿದ್ದಿತ್ತು. ‘ಅಮ್ಮ ಅನ್ನ ಬಿಟ್ಟಿದ್ದಾರೆ. ಬರೀ ನೀರು. ನಿನ್ನದೇ ದಾರಿ ಕಾಯುತ್ತಿದ್ದಾರೆ, ತಕ್ಷಣ ಬಾ.’

ಸೈಕಲ್ಲನ್ನು ರೈಲಿಗೆ ಹಾಕಿ ಬಾಣಾವರದಲ್ಲಿ ಇಳಿದಿದ್ದ. ಮುಂದಿನ ಬಸ್ಸು ಊರು ಮುಟ್ಟುವುದು ದೀಪ ಹಚ್ಚಿದ ಮೇಲೆ. ಪೆಡಲ್ಲೇ ಗತಿ.

ಅಮ್ಮನ ಹಠ ಅವನಿಗೆ ಹೊಸದಲ್ಲ. ಹನ್ನೆರಡನೇ ವಯಸ್ಸಿನಲ್ಲಿ ಬೇಲೂರಿಗೆ ಓಡಿಹೋಗಿದ್ದಾಗ ಎರಡು ದಿನ ಅನ್ನ ಬಿಟ್ಟಿದ್ದಳು; ಅವನ ಮುಖ ಕಂಡೊಡನೆ ತಟ್ಟೆ ಎಳೆದುಕೊಂಡಿದ್ದಳು. ಈ ಸಲ ಮಹರಾಯ ಹೋದದ್ದು ಕಾಶ್ಮೀರಕ್ಕೆ. ಹನ್ನೊಂದು ತಿಂಗಳು, ಸೈಕಲ್ ಮೇಲೆ. ಹೇಳಿದರೆ ಬಿಡುವುದಿಲ್ಲವೆಂದು ಚೀಟಿ ಬರೆದಿಟ್ಟು ಹೊರಟಿದ್ದ. ಹೊಟ್ಟೆ ಉರಿಯದೆ ಇರುತ್ತದೆಯೇ ಹೆತ್ತವಳಿಗೆ?

ದಾರಿ ಬೇಕಾದಷ್ಟು ಪಾಠ ಕಲಿಸಿತ್ತು. ಬಾಯಾರುವ ಮೊದಲೇ ಕುಡಿಯಬೇಕು. ಏರಿನಲ್ಲಿ ತಲೆ ಎತ್ತಿ ತುದಿ ನೋಡಬಾರದು. ಹೇಳದೆ ಮನೆ ಬಿಡಬಾರದು ಎಂಬ ಪಾಠ ಮಾತ್ರ ತಡವಾಗಿ ಬಂತು.

ಟ್ಯೂಬಿಗೆ ತೇಪೆ ಅಂಟಿಸುತ್ತಿದ್ದಾಗ ಎತ್ತಿನ ಗಾಡಿಯೊಂದು ನಿಂತಿತು. ಅವರ ಹೊಲ ಉಳುವ ಗಿಡ್ಡಪ್ಪ.

“ಅಯ್ಯೋ, ಚಿಕ್ಕಯಜಮಾನ್ರು! ಅಂತೂ ಬಂದ್ರಲ್ಲಾ!” ಎಂದು ಇಳಿದ. “ನಿನ್ನೆ ನಾನೂ ಹೋಗಿ ಅಮ್ನೋರಿಗೆ ಕೈ ಮುಗ್ದು ಬಂದೆ. ಊರಿಗೆ ಊರೇ ಹೋಗ್ತಾ ಐತೆ.”

ನಾಗಕುಮಾರನ ಮುಖ ಕೆಂಪಾಯಿತು. ಮನೆಯ ಮುನಿಸು ಊರಿನ ಬಾಯಿಗೆ ಬಿತ್ತಲ್ಲ! “ಯಾರು ಹೇಳಿದ್ರೂ ಕೇಳ್ತಿಲ್ವಾ?”

“ಯಾರ ಮಾತು ಕೇಳ್ತಾರೆ? ನೀವು ಬರ್ಬೇಕು ಅಷ್ಟೇ, ಬೇರೆ ಏನೂ ಬ್ಯಾಡವಂತೆ. ಎಂಟು ದಿವ್ಸ ಆಯ್ತು ಸ್ವಾಮಿ, ಬಿರ್‍ರನೆ ಹೋಗಿ.”

ಎಂಟು ದಿನ! ತೇಪೆ ಒತ್ತಿ ಗಾಳಿ ತುಂಬಿದ. ಡೇರೆ, ಸ್ಟೌವ್, ಪಾತ್ರೆಗಳ ಗಂಟನ್ನೆಲ್ಲ ಬಿಚ್ಚಿ ಗಿಡ್ಡಪ್ಪನ ಗಾಡಿಗೆ ಎಸೆದ. ಹಗುರವಾದ ಸೈಕಲ್ಲು ಓಡಿತು. ಮೊಣಕಾಲು ಸಿಡಿಯುತ್ತಿತ್ತು. ಅವನು ಮುಂದಿನ ಚಕ್ರವನ್ನಷ್ಟೇ ನೋಡುತ್ತ ಏರು ಹತ್ತಿದ, ಬಾಯಲ್ಲಿ ‘ತಪ್ಪಾಯ್ತಮ್ಮ, ತಪ್ಪಾಯ್ತಮ್ಮ’ ಎಂದುಕೊಳ್ಳುತ್ತ. ಬಾಟಲಿಯಲ್ಲಿ ನೀರಿತ್ತು. ಕುಡಿಯಲು ನಿಲ್ಲಲಿಲ್ಲ.

ಹಳೇಬೀಡಿನ ಕೆರೆ ದಾಟಿದ. ಬಸದಿಗಳ ಗೋಡೆಯ ಮೇಲೆ ಇನ್ನೂ ಬಿಸಿಲಿತ್ತು. ಗೆದ್ದೆ ಅಂದುಕೊಂಡ.

ಮನೆಯ ಜಗಲಿಯ ತುಂಬ ಜನ. ಯಾರೋ ಮೆಲ್ಲಗೆ ಮಂತ್ರ ಹೇಳುತ್ತಿದ್ದರು. ಇವನನ್ನು ಕಂಡು ಎಲ್ಲರೂ ದಾರಿ ಬಿಟ್ಟರು, ಒಬ್ಬರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಧರ್ಮಾವತಮ್ಮ ನಡುಮನೆಯಲ್ಲಿ ಚಾಪೆಯ ಮೇಲಿದ್ದಳು. ಹನ್ನೊಂದು ತಿಂಗಳಲ್ಲಿ ಅರ್ಧವಾಗಿದ್ದಳು. ಕಣ್ಣು ಮಾತ್ರ ಅದೇ.

“ಅಮ್ಮಾ, ಬಂದೆ. ಇನ್ನೆಲ್ಲೂ ಹೋಗಲ್ಲ, ನಿನ್ನಾಣೆ. ಅಕ್ಕಾ, ಬೇಗ ಗಂಜಿ ತಾ, ಇನ್ನೂ ಹೊತ್ತಿದೆ!”

ಪದ್ಮಲತಾ ಅಲುಗಲಿಲ್ಲ. ಸೆರಗನ್ನು ಬಾಯಿಗೆ ಒತ್ತಿಕೊಂಡು ಗೋಡೆಗೆ ತಿರುಗಿದಳು.

ಅಮ್ಮ ಅವನ ಬೆವೆತ ತಲೆಯ ಮೇಲೆ ಕೈಯಿಟ್ಟಳು. ಎಷ್ಟೋ ದಿನದ ಮೇಲೆ ನಕ್ಕಳು.

“ಹಠ ಅಲ್ಲ ಕಣೋ ಇದು, ಸಲ್ಲೇಖನ; ಹೆತ್ತ ಮಗ ಒಪ್ಪದೆ ನೀರು ಬಿಡೋ ಹಾಗಿಲ್ಲ ಅಂದ್ರು ಸ್ವಾಮಿಗಳು, ಅದಕ್ಕೇ ಇಷ್ಟು ದಿನ ನಿನ್ನ ಕಾಯ್ತಾ ಜೀವ ಹಿಡ್ಕೊಂಡಿದ್ದೆ, ಈಗ ಹ್ಞೂಂ ಅಂದುಬಿಡು ಮಗಾ.”