ಸೂಲಗಿತ್ತಿಯ ಬಲಗೈ

ಮೊದಲ ಏಟಿಗೆ ಮೇಜಿನ ಗಾಜು ಪುಡಿಯಾಯಿತು. ಎರಡನೆಯದು ಸಂಪಾದಕರ ಭುಜಕ್ಕೆ ಬಿತ್ತು. ಕೆಳಗಿನ ಮಹಡಿಯಲ್ಲಿ ಮುದ್ರಣಯಂತ್ರ ಗಡಗಡ ಓಡುತ್ತಿತ್ತು. ಅವರ ಕೂಗು ಯಾರಿಗೂ ಕೇಳಲಿಲ್ಲ.

ಬಡಗಿ ಒಳಗೆ ಬಂದವನೇ ಚಿಲಕ ಹಾಕಿದ್ದ. ಕೈಯಲ್ಲಿ ಕೆಲಸದ ಸುತ್ತಿಗೆ. ಮುಖದಲ್ಲಿ ರೋಷವಿರಲಿಲ್ಲ, ಎಷ್ಟೋ ದಿನಗಳಿಂದ ನಿದ್ದೆಗೆಟ್ಟವನ ಕಣ್ಣು.

ಸಂಪಾದಕರಿಗೆ ಗುರುತು ಹತ್ತಿತು. ಸೂಲಗಿತ್ತಿಯೊಬ್ಬಳು ಪತ್ರಿಕೆಯ ಮೇಲೆ ಹೂಡಿದ್ದ ಮಾನನಷ್ಟದ ಮೊಕದ್ದಮೆಯ ತೀರ್ಪು ಆ ಬೆಳಿಗ್ಗೆ ತಾನೇ ಬಂದಿತ್ತು. ವಿಚಾರಣೆ ನಡೆದ ಅಷ್ಟೂ ದಿನ ಕೊನೆಯ ಬೆಂಚಿನಲ್ಲಿ ತುಟಿಪಿಟಕ್ಕೆನ್ನದೆ ಕೂತಿರುತ್ತಿದ್ದವನು ಇವನೇ. ಸೂಲಗಿತ್ತಿಯ ಗಂಡ ಅಂದುಕೊಂಡರು.

ಒಂದೂವರೆ ವರ್ಷದ ಹಿಂದೆ, ಹೆಸರಿಲ್ಲದ ಒಂದು ಪತ್ರ ನಂಬಿ, ಅವರ ಪತ್ರಿಕೆ ಮುಖಪುಟದಲ್ಲಿ ಬರೆದಿತ್ತು: ಈ ಸೂಲಗಿತ್ತಿ ಬದುಕಿರುವ ಶಿಶುಗಳನ್ನು ಸತ್ತವೆಂದು ಹೇಳಿ ಮಾರುತ್ತಾಳೆ. ಅಪ್ಪಟ ಸುಳ್ಳು. ವಿಚಾರಿಸುವ ಗೋಜಿಗೆ ಯಾರೂ ಹೋಗಿರಲಿಲ್ಲ. ಅದೇ ಮಧ್ಯಾಹ್ನ ಇಪ್ಪತ್ತು ಮೂವತ್ತು ಜನ ಅವಳ ಬಾಗಿಲು ಮುರಿದು ನುಗ್ಗಿದರು. ಕೂದಲು ಹಿಡಿದು ದರದರ ಎಳೆದರು. ಒಬ್ಬ ಅವಳ ಬಲಗೈಯನ್ನು ಹೊಸ್ತಿಲ ಮೇಲೆ ಒತ್ತಿಹಿಡಿದು ಕಲ್ಲಿನಿಂದ ಜಜ್ಜಿದ. ಆ ಬೀದಿಯ ಅರ್ಧಕ್ಕರ್ಧ ಮಕ್ಕಳನ್ನು ಎತ್ತಿಕೊಂಡಿದ್ದ ಕೈ ಅದು. ಈಗ ನೀರಿನ ಲೋಟ ಹಿಡಿಯಲೂ ಬಾರದು.

ಜಜ್ಜಿದವನು ಯಾರೆಂದು ನ್ಯಾಯಾಲಯದಲ್ಲಿ ವಕೀಲರು ಕೇಳಿದಾಗ ಅವಳು ಒಂದು ಗಳಿಗೆ ಕೊನೆಯ ಬೆಂಚಿನತ್ತ ನೋಡಿದಳು. ಬಡಗಿ ತಲೆ ತಗ್ಗಿಸಿದ. ಮುಖ ನೆನಪಿಲ್ಲ ಎಂದಳು.

ಆದ ಹಾನಿ ಬಹಳ ದೊಡ್ಡದು, ಆದರೆ ಮಾನನಷ್ಟದ ಪರಿಹಾರಕ್ಕೆ ಕಾನೂನು ಹಾಕಿರುವ ಮಿತಿಯನ್ನು ತಾವು ದಾಟುವಂತಿಲ್ಲ ಎಂದು ನ್ಯಾಯಾಧೀಶರು ಬೇಸರದಿಂದಲೇ ಹೇಳಿದರು. ಆ ಮಿತಿಯ ಪೂರ್ತಿ ಮೊತ್ತ ಕೊಡಿಸಿದರು. ಪತ್ರಿಕೆಗೆ ಅದು ಒಂದು ದಿನದ ಜಾಹೀರಾತಿನ ಗಳಿಕೆಯೂ ಅಲ್ಲ. ಸಂಪಾದಕರು ಮೆಟ್ಟಿಲಿಳಿಯುತ್ತ ವಕೀಲರ ಬೆನ್ನು ತಟ್ಟಿ ನಕ್ಕಿದ್ದರು.

ಮೂರನೆಯ ಏಟಿಗೆ ಅವರು ಕುರ್ಚಿಯಿಂದ ಉರುಳಿದರು. ಬಡಗಿ ಅವರ ಬಲಗೈಯನ್ನು ನೆಲಕ್ಕೊತ್ತಿ, ತೋಳಿನ ಮೇಲೆ ಮೊಣಕಾಲೂರಿದ.

"ಕೋರ್ಟು ಹೇಳಿದ್ದು ಬಿಡಪ್ಪಾ. ನೀನು ಎಷ್ಟು ಹೇಳಿದ್ರೆ ಅಷ್ಟು ಕೊಡ್ತೀನಿ."

"ದುಡ್ಡು ಕೇಳೋಕೆ ಬಂದಿಲ್ಲ."

ಸುತ್ತಿಗೆ ಇಳಿಯಿತು. ಮೂಳೆ ಲಟಕ್ಕೆಂದಿತು. ಇನ್ನೊಮ್ಮೆ ಇಳಿಯಿತು. ಬೆರಳುಗಳು ರಕ್ತದಲ್ಲಿ ಒಂದೊಂದು ದಿಕ್ಕಿಗೆ ತಿರುಗಿಕೊಂಡವು. ಆ ಸದ್ದು ಮೊದಲೇ ಗೊತ್ತಿದ್ದವನಂತೆ ಬಡಗಿ ಹಲ್ಲು ಕಚ್ಚಿ ಕಣ್ಣು ಮುಚ್ಚಿದ್ದ.

ಆಮೇಲೆ ಸುತ್ತಿಗೆ ಬಿಸಾಡಿದ. ಎದ್ದು ಚಿಲಕ ತೆಗೆದ. ಫೋನನ್ನು ಸಂಪಾದಕರ ಎಡಗೈಯ ಹತ್ತಿರ ಸರಿಸಿ, ಪೊಲೀಸರನ್ನು ಕರೆಯಲು ಹೇಳಿ, ಗೋಡೆಗೊರಗಿ ಕೂತ.

ಸಂಪಾದಕರು ಬಿಕ್ಕಿದರು. "ನಾನು ಬರೆದೆ ಅಷ್ಟೆ. ನಿನ್ನ ಹೆಂಡ್ತಿ ಮೇಲೆ ಕಲ್ಲೆತ್ತಿದವನು ಬೇರೆ ಯಾರೋ. ಅವನನ್ನ ಹುಡುಕಬೇಕಿತ್ತು ನೀನು."

"ಅವರು ನನ್ನ ಹೆಂಡ್ತಿ ಅಲ್ಲ," ಎಂದ ಬಡಗಿ. "ನನ್ನ ಹೆಂಡ್ತಿಗೆ ಹೆರಿಗೆ ಮಾಡಿಸಿದೋರು. ನಮ್ಮ ಮಗು ಹೊಟ್ಟೇಲೇ ಸತ್ತಿತ್ತು."

ತನ್ನ ಅಂಗೈಗಳನ್ನು ತಿರುಗಿಸಿ ನೋಡಿಕೊಂಡ.

"ನೀವು ಬರೆದದ್ದು ನಂಬಿ ಆ ಕಲ್ಲು ಎತ್ತಿದವನು ನಾನೇ."