ಕೆಂಡದ ನಡುವೆ ಒಂದು ಫೋಟೊ

"ನಿಲ್ಬೇಡಿ ಸಾರ್, ನಡೀತಾ ಇರಿ! ಇದ್ದಿಲಿನ ಶಾಖ ಕಾಲಿಗೆ ನಿಧಾನಕ್ಕೆ ಹತ್ತುತ್ತೆ, ಅಷ್ಟರಲ್ಲಿ ದಾಟಿಬಿಡ್ಬೇಕು!" ಎಂದು ಲ್ಯಾಬ್ ಟೆಕ್ನಿಷಿಯನ್ ಗಂಟಲು ಹರಿದುಕೊಂಡ. ನಂಬಿಕೆಯಿದ್ದರೆ ಕೆಂಡ ಸುಡುವುದಿಲ್ಲ ಎಂದು ತರಬೇತುದಾರ ಹೇಳಿಕೊಟ್ಟಿದ್ದ ಕಂಪನಿಯ ಆತ್ಮವಿಶ್ವಾಸ ಶಿಬಿರದಲ್ಲಿ ಕೆಂಡದ ನಡುವೆ ನಿಂತ ಮ್ಯಾನೇಜರ್ ಫೋಟೊಗೆ ಹಲ್ಲು ಕಿರಿದರು. ಮರುಕ್ಷಣವೇ "ಅಯ್ಯಯ್ಯಪ್ಪೋ" ಎಂದು ಹೊರಕ್ಕೆ ಜಿಗಿದರು.

ಟೆಕ್ನಿಷಿಯನ್ ಓಡಿಬಂದು ಅವರ ಅಂಗಾಲಿಗೆ ನೀರು ಸುರಿದ. "ನೀನು ಕೂಗಿದ್ದಕ್ಕೇ ಕಣಯ್ಯಾ ನನ್ನ ನಂಬಿಕೆ ಒಡೆದಿದ್ದು! ನಾಳೆಯಿಂದ ಲ್ಯಾಬ್ ಬಿಟ್ಟು ಗೋಡೌನ್ ನೋಡ್ಕೊ," ಎಂದು ಅವರು ಅವನ ಮೇಲೇ ಎಗರಿದರು. "ಅನುಮಾನವೇಏಏ ಬೆಂಕಿ," ಎಂದು ತರಬೇತುದಾರ ರಾಗ ಎಳೆದ.

ಟೆಕ್ನಿಷಿಯನ್ ಚಪ್ಪಲಿ ಕಿತ್ತೆಸೆದ. "ನಂಬಿಕೆಯೂ ಇಲ್ಲ, ಗಿಂಬಿಕೆಯೂ ಇಲ್ಲ, ಬರೀ ಆರು ಹೆಜ್ಜೆ!" ಎಂದು ಹಲ್ಲು ಕಡಿಯುತ್ತ ಕೆಂಡವನ್ನು ಸರಸರನೆ ದಾಟಿ, ಒಂದು ಬೊಬ್ಬೆಯೂ ಏಳದ ಅಂಗಾಲನ್ನು ಎತ್ತಿ ತೋರಿಸಿದ.

ಉರಿ ಮರೆತು ಚಪ್ಪಾಳೆ ತಟ್ಟಿದವರು ಮ್ಯಾನೇಜರ್. "ಲ್ಯಾಬಲ್ಲೇ ಇರಯ್ಯಾ! ನಾನು ಬೈದಿದ್ದಕ್ಕೇ ನೋಡು, ನಿಂಗೆ ನಂಬಿಕೆ ಬಂದಿದ್ದು!"