ಉಗಿ ರೋಲರಿಗೆ ನೀರು

"ಕಬ್ಬಿಣಕ್ಕೆ ಎಂಥ ಜಾತಿ ಬಿಡೇ ಹೊನ್ನಿ. ಮೊದಲು ಅದು ಕುಡೀಲಿ, ನಿಂದು ಆಮೇಲೆ ನೋಡಾಣ," ಎಂದ ಊರ ಗೌಡ ಮುರುಗಪ್ಪ, ಬಾವಿಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕುಂತೇ.

ಹೊನ್ನಕ್ಕ ಮಾರು ದೂರದಲ್ಲಿ ಖಾಲಿ ಕೊಡ ಇಟ್ಟುಕೊಂಡು ಬೆಳಗಿನಿಂದ ಕಾಯುತ್ತಿದ್ದಳು. ಹಟ್ಟಿಯವರು ಈ ಬಾವಿಯ ಹಗ್ಗ ಮುಟ್ಟುವಂತಿಲ್ಲ. ಊರಿನವರು ಯಾರಾದರೂ ಸೇದಿ ಮೇಲಿನಿಂದ ಹೊಯ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಇವತ್ತು ಸೇದಲು ಬಂದ ಹೆಂಗಸರನ್ನೆಲ್ಲ ಮುರುಗಪ್ಪ ವಾಪಸ್ಸು ಕಳಿಸಿದ್ದ. ಬಾವಿಯಲ್ಲಿದ್ದದ್ದೇ ಮಂಡಿಯುದ್ದ ನೀರು. ಮನೆಯಲ್ಲಿ ಹೊನ್ನಕ್ಕನ ಮಗಳು ರಾತ್ರಿ ಹೆತ್ತು ಮಲಗಿದ್ದಳು, ಕೂಸಿನ ಮೈ ತೊಳೆಯಲೂ ಚೊಂಬು ನೀರಿರಲಿಲ್ಲ.

ಹಿರಿಯೂರಿನಿಂದ ಬರುವ ಹೊಸ ರಸ್ತೆ ಮುರುಗಪ್ಪನ ಕಡಲೆಕಾಯಿ ಮಿಲ್ಲಿನ ಮುಂದೆ ಹಾಯಬೇಕಿತ್ತು. ಅದಕ್ಕೇ ಸರ್ಕಾರದ ಉಗಿ ರೋಲರಿಗೆ ಅವನು ಬಾವಿಯನ್ನೇ ಬಿಟ್ಟುಕೊಟ್ಟಿದ್ದ. ಇಂಗ್ಲೆಂಡಿನ ರಾಣಿ ಕಾಲದಲ್ಲಿ ಉಗಿ ಹಡಗಿನ ಹೊಟ್ಟೆಯಲ್ಲಿ ಕುಂತು ಸಮುದ್ರ ದಾಟಿ ಬಂದ ಯಂತ್ರವಂತೆ. ಹೊತ್ತು ತಂದದ್ದೂ ಉಗಿ, ಬಂದದ್ದೂ ಉಗಿ ಎಂದು ಡ್ರೈವರ್ ಚಿಕ್ಕತಿಮ್ಮಪ್ಪ ನಗುತ್ತಿದ್ದ. ಉಗಿಯ ಬಲದಿಂದಲೇ ನೀರೆಳೆಯುವ ರಬ್ಬರ್ ಪೈಪನ್ನು ಎರಡು ದಿನದಿಂದ ಅವನೇ ಕೈಯಾರೆ ಬಾವಿಗೆ ಬಿಡುತ್ತಿದ್ದ. ಒಮ್ಮೆ ಪೈಪು ಸಿಕ್ಕಿಕೊಂಡಾಗ ಬಾವಿಗೇ ಇಳಿದು ಬಿಡಿಸಿಕೊಂಡು ಬಂದಿದ್ದ. ಖಾಕಿ ತೊಟ್ಟವನನ್ನು ನೀನು ಯಾರ ಪೈಕಿ ಎಂದು ಕೇಳಲು ಊರಲ್ಲಿ ಯಾರಿಗೂ ತೋಚಿರಲಿಲ್ಲ.

ಹೊನ್ನಕ್ಕನಿಗೆ ಕೇಳಬೇಕಾಗಿಯೇ ಇರಲಿಲ್ಲ. ಅವನು ತುರುವನೂರಿನ ಅವಳ ಅಕ್ಕನ ಮಗ. ಕಂಡ ದಿನವೇ ಗುರುತು ಹಿಡಿದು, ಗುರುತಿಲ್ಲದವಳ ಹಾಗೆ ಸೆರಗು ಎಳೆದುಕೊಂಡಿದ್ದಳು. ಅವನ ಮೈಮೇಲೆ ಯಾರಾದರೂ ಬಿದ್ದರೆ ಎಂಬ ಭಯ. ಆದರೆ ಪೈಪು ಗೊರಗೊರ ಎನ್ನುತ್ತ ಬಾವಿಯ ತಳ ಕೆರೆಯತೊಡಗಿದಾಗ ಅವಳು ತಡೆಯಲಾರದೆ ಕೂಗಿದಳು.

"ಹೆತ್ತ ಹೆಂಗಸಿನ ಮೈ ಕಬ್ಬಿಣಕ್ಕಿಂತ ಕಡೆ ಆತೇನ್ರಿ ಗೌಡ್ರೆ? ಒಂದು ಕೊಡ ಹುಯ್ರಿ."

"ನಾನು ಸೇದಿ ನಿಂಗೆ ಹುಯ್ಲಾ? ಕೇಳಿದ್ರಾ ಡ್ರೈವರ್ ಸಾಹೇಬ್ರೆ ಇವಳ ಮಾತ?"

ಚಿಕ್ಕತಿಮ್ಮಪ್ಪ ಪೈಪು ನಿಲ್ಲಿಸಿ ಕೈಯ ಎಣ್ಣೆಮಸಿ ಒರೆಸಿಕೊಂಡ. ಬೇಡ ಕಣೋ ಎಂದು ಹೊನ್ನಕ್ಕ ಕಣ್ಣಲ್ಲೇ ಅಂಗಲಾಚಿದಳು. ಅವನು ನೋಡಿದ, ಕೇಳಲಿಲ್ಲ.

"ಚಿಗವ್ವ, ಕೊಡ ತಗಂಡು ಬಾ. ನಾ ಸೇದಿಕೊಡ್ತೀನಿ."

ಮುರುಗಪ್ಪ ಕಟ್ಟೆಯಿಂದ ಇಳಿದ. "ಯಾರು ಚಿಗವ್ವ?"

"ಇವಳೇ. ನಮ್ಮವ್ವನ ತಂಗಿ."

"ಲೇ, ಎರಡು ದಿನದಿಂದ ಬಾವಿ ಕೆಡಿಸಿದೆಯಲ್ಲೋ!"

"ಎರಡು ದಿನದಿಂದ ನೀವೂ ಕುಡುದ್ರಲ್ಲ ಗೌಡ್ರೆ. ಜ್ವರಗಿರ ಏನಾರ ಬಂತಾ?"

ಜನರನ್ನು ಕೂಗಲು ಮುರುಗಪ್ಪ ಬಾಯಿ ತೆರೆದ. ತೆರೆದವನು ಹಾಗೇ ಮುಚ್ಚಿಕೊಂಡ. ನಿನ್ನೆ ತಾನೆ ಅವನ ಮನೆಯಲ್ಲಿ ಅಯ್ಯನೋರ ಪಾದಪೂಜೆ, ಊರಿಗೆಲ್ಲ ಊಟ, ಎಲ್ಲ ಇದೇ ಬಾವಿಯ ನೀರಿನಲ್ಲಿ. ಬಾವಿ ಬಿಟ್ಟುಕೊಟ್ಟವನು ಯಾರು ಎಂಬ ಮಾತು ಬಂದರೆ ಮೊದಲು ಅವನ ಹೆಸರೇ. ದನಿ ತಗ್ಗಿಸಿ, ದಿನಾ ಎರಡು ಕೊಡ ಆಳಿನ ಕೈಲಿ ಹಟ್ಟಿಗೆ ಕಳಿಸುವುದಾಗಿ ಹೇಳಿದ. ಮಾತು ಮಾತ್ರ ಇಲ್ಲಿಂದ ಆಚೆ ಹೋಗಬಾರದು.

"ಊರಿನ ಮರ್ಯಾದೆ ಪ್ರಶ್ನೆ, ಹೊನ್ನಕ್ಕ."

"ನೀವು ಕಳಿಸಾದೂ ಬ್ಯಾಡ, ಇವನು ಸೇದಾದೂ ಬ್ಯಾಡ. ನನ್ನ ಮಗಳಿಗೆ ನೀರು ನಾನೇ ಸೇದ್ತೀನಿ."

ಅವಳು ಕಟ್ಟೆ ಹತ್ತಿ ಹಗ್ಗ ಹಿಡಿದಳು. ಮುರುಗಪ್ಪ ತಡೆಯಲಿಲ್ಲ. ಅವಳಿಗೆ ಬೆನ್ನು ಮಾಡಿ, ಹುಬ್ಬಿಗೆ ಕೈ ಹಚ್ಚಿ, ಊರ ಕಡೆಯಿಂದ ಯಾರಾದರೂ ಬಂದಾರೇನೋ ಎಂದು ಅವಳು ಸೇದಿ ಮುಗಿಸುವವರೆಗೆ ಕಾವಲು ನಿಂತ.